ಬಿಡುಗಡೆಗೆ ಮೂರು ತಿಂಗಳಿರುವವರಿಗೆ ಹಣದ ಪಾಠ: ಏನು ಹೇಳಿಕೊಡೋದು?

ಗುರುವಾರದ ಮೇಷ್ಟ್ರು

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನು. ಈಗ ಜೈಲಿನಲ್ಲಿ ಬಿಡುಗಡೆ ಹತ್ತಿರ ಬಂದಿರುವ 22 ಜನರಿಗೆ ಹಣಕಾಸಿನ ಪಾಠ ಮಾಡಲು ಒಪ್ಪಿಕೊಂಡಿದ್ದೇನೆ. ಗುರುವಾರಕ್ಕೊಂದು ತರಗತಿ, ಒಂದೂವರೆ ಗಂಟೆ, ಒಟ್ಟು ಎಂಟು ವಾರ. ಕೆಲವರು ಮೂರು ತಿಂಗಳಲ್ಲಿ ಹೊರಗೆ ಬರುತ್ತಾರೆ, ಕೆಲವರಿಗೆ ಆರು ತಿಂಗಳಿದೆ.

ಮೊದಲ ತರಗತಿ ಪೂರ್ತಿ ನೆಲಕಚ್ಚಿತು. ಮನೆಯಲ್ಲಿ ಕೂತು ಚೆಂದದ ಹಾಳೆಯೊಂದನ್ನು ತಯಾರಿಸಿದ್ದೆ: ಎಡಕ್ಕೆ ತಿಂಗಳ ಆದಾಯ, ಬಲಕ್ಕೆ ಖರ್ಚು, ಕೆಳಗೆ ಉಳಿತಾಯ. ಬೋರ್ಡಿನ ಮೇಲೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅಂತ ಬರೆದೆ. ಹಿಂದಿನ ಸಾಲಿನಿಂದ ಒಬ್ಬ, “ಮೇಷ್ಟ್ರೇ, ಇಲ್ಲಿ ಎಲ್ಲರ ಹಾಸಿಗೆಯೂ ಒಂದೇ ಅಳತೆ” ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗು ನಿಂತ ಮೇಲೆ ಮುಂದೇನು ಹೇಳಬೇಕೆಂದೇ ತೋಚಲಿಲ್ಲ.

ನಡುವಯಸ್ಸಿನ ಒಬ್ಬರು ಹಾಳೆಯ ಎಡಭಾಗ ಖಾಲಿ ಬಿಟ್ಟು, ಇದ್ದ ಗೆರೆಗಳ ಮೇಲೇ ಪೆನ್ಸಿಲ್ಲಿನಿಂದ ಮತ್ತೆ ಮತ್ತೆ ಗೆರೆ ಎಳೆಯುತ್ತ ಕೂತಿದ್ದರು. ಯಾಕೆ ಬರೆದಿಲ್ಲ ಅಂದೆ. “ಬರೋದು ಎಷ್ಟು ಅಂತಾನೇ ಗೊತ್ತಿಲ್ಲ. ಹೋಗೋದನ್ನ ಬರೆದು ಏನ್ ಮಾಡ್ಲಿ ಸಾರ್?” ಅಂದರು.

ಇನ್ನು ಏಳು ವಾರ ಇದೆ. ಒಳಗಿದ್ದು ಬಂದವರು, ಅಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ, ಏನು ಕಲಿಸಿದರೆ ಅವರಿಗೆ ನಿಜಕ್ಕೂ ಉಪಯೋಗ?

ಗೇಟಿನಾಚೆ

ಮೇಷ್ಟ್ರೇ, ನಾನು ಏಳು ವರ್ಷ ಒಳಗಿದ್ದು ಬಂದವನು. ಹೊರಗೆ ಬಂದು ಒಂಬತ್ತು ವರ್ಷ ಆಯ್ತು. ನಮಗೂ ಒಂದು ದಿನ ಇಂಥದ್ದೇ ಪಾಠ ಆಗಿತ್ತು, ಉಳಿತಾಯದ ಮಹತ್ವ ಅಂತ. ಚಪ್ಪಾಳೆ ಹೊಡೆದು ಎದ್ದು ಬಂದ್ವಿ.

ಮೊದಲಿಗೆ, ಒಳಗಿರೋರಿಗೆ ಲೆಕ್ಕ ಬರಲ್ಲ ಅಂತ ತಿಳ್ಕೋಬೇಡಿ. ಸಿಗೋ ಪುಡಿಗಾಸಿನ ಕೂಲೀಲಿ ಸೋಪು, ಪೇಸ್ಟು, ಫೋನು, ಎಲ್ಲಾ ತೂಗಿಸ್ತೀವಿ. ಒಂದು ಸೋಪನ್ನ ದಾರದಲ್ಲಿ ಕೊಯ್ದು ಎರಡು ತುಂಡು ಮಾಡ್ತಿದ್ವಿ, ಒಂದು ಮೈಗೆ, ಒಂದು ಬಟ್ಟೆಗೆ. ದಾರದಲ್ಲಿ ಕೊಯ್ದ್ರೆ ಪುಡಿ ಉದುರಲ್ಲ. ಸಾಲದ ವ್ಯವಹಾರಾನೂ ಗೊತ್ತು: ಇವತ್ತು ಒಂದು ಸೋಪು ಇಸ್ಕೊಂಡ್ರೆ ಬರೋ ವಾರ ಎರಡು ಕೊಡ್ಬೇಕು. ನೀವು ಬ್ಯಾಂಕಿನ ಬಡ್ಡಿ ಹೇಳಿ ಹೆದರಿಸೋಕೆ ಹೋದ್ರೆ ಅವರಿಗೆ ನಗು ಬರುತ್ತೆ.

ಕೈ ತಪ್ಪಿ ಹೋಗಿರೋದು ಆರಿಸೋ ಅಭ್ಯಾಸ. ಏಳು ವರ್ಷ ಯಾವಾಗ ಏಳ್ಬೇಕು, ಏನು ತಿನ್ಬೇಕು, ದೀಪ ಯಾವಾಗ ಆರಬೇಕು, ಎಲ್ಲಾ ಬೇರೆಯವರೇ ಹೇಳಿದ್ದು. ಬಿಡುಗಡೆ ದಿನ ಒಂದು ಸೋಪು ತಗೊಳ್ಳೋಣ ಅಂತ ದೊಡ್ಡ ಅಂಗಡಿಗೆ ಹೋದೆ. ಗೋಡೆ ತುಂಬ ಸೋಪು. ಬಿಳಿ, ಹಸಿರು, ನೀರಿನಂಥದು, ಒತ್ತಿದ್ರೆ ನೊರೆ ಬರೋದು. ಆ ತುದಿಯಿಂದ ಈ ತುದಿಗೆ ಮೂರು ಸಲ ನಡೆದೆ. ಅಂಗಡಿ ಹುಡುಗ ನನ್ನನ್ನೇ ನೋಡ್ತಿದಾನೆ ಅನ್ನಿಸ್ತು. ಕದಿಯೋಕೆ ಬಂದಿದಾನೆ ಅಂದ್ಕೊಂಡ್ನೇನೋ ಅಂತ ಬೆನ್ನೆಲ್ಲ ಬೆವೆತು, ಕೈಗೆ ಸಿಕ್ಕಿದ್ದನ್ನ ಎತ್ಕೊಂಡು, ಕೊಟ್ಟ ಚಿಲ್ಲರೆ ಎಣಿಸದೆ ಹೊರಗೆ ಬಂದೆ. ಆಮೇಲೆ ನೋಡಿದ್ರೆ ಆ ಸಾಲಲ್ಲೆಲ್ಲ ಅದೇ ದುಬಾರಿ ಸೋಪು.

ಕೈಲಿದ್ದಿದ್ರಲ್ಲಿ ಮೂರನೇ ಒಂದು ಪಾಲು ಮೊದಲ ಎರಡೇ ದಿನದಲ್ಲಿ ಹೋಯ್ತು. ಕುಡಿದಿದ್ದಲ್ಲ, ಜೂಜಲ್ಲ. ಬರಿಗೈಲಿ ಹೇಗೆ ಹೋಗೋದು ಅಂತ ಅಕ್ಕನ ಮಕ್ಕಳಿಗೆ ಬಟ್ಟೆ, ಅಕ್ಕನಿಗೊಂದು ಬ್ಯಾಗು, ಭಾವನಿಗೆ ವಾಚು. ಹದಿನೈದನೇ ದಿನ ಅದೇ ಭಾವನ ಹತ್ರ ಬಸ್ಸಿಗೆ ದುಡ್ಡು ಕೇಳಿದೆ. ಅವರು ಜೇಬಿಗೆ ಕೈ ಹಾಕಿದಾಗ ಮಣಿಕಟ್ಟಲ್ಲಿ ಆ ವಾಚು.

ನಿಮ್ಮ ಹಾಳೇಲಿ ಇದಕ್ಕೆ ಕಾಲಂ ಇದೆಯಾ?

ಹಳೇ ಬೀಗದ ಕೈ

ಮೂವತ್ತು ವರ್ಷ ಜೈಲಿನಲ್ಲಿ ಕೆಲಸ ಮಾಡಿದ್ದೇನೆ, ಗೋಡೆಯ ಈ ಕಡೆಯವನು. ಗೇಟಿನಾಚೆಯವರು ಹೇಳಿದ್ದು ಸರಿ. ಆದರೂ ಪಾಠಕ್ಕೆ ಮೊದಲು ಕಾಗದಪತ್ರ ನೋಡಿ ಮೇಷ್ಟ್ರೇ.

ಪ್ರತಿಯೊಬ್ಬ ಕೈದಿಯ ಹೆಸರಿನಲ್ಲೂ ಕಚೇರಿಯಲ್ಲಿ ಒಂದು ಲೆಕ್ಕ ಇರುತ್ತದೆ. ಒಳಗೆ ಬಂದ ದಿನ ಜೇಬಿನಲ್ಲಿದ್ದ ಹಣ, ದುಡಿದ ಕೂಲಿ, ಮನೆಯವರು ಕಟ್ಟಿದ್ದು, ಕ್ಯಾಂಟೀನಿಗೆ ಕಡಿದದ್ದು. ಅದನ್ನು ಕೇಳಿ ನೋಡುವವರು ನೂರಕ್ಕೆ ಐದು ಜನ ಇದ್ದರೆ ಹೆಚ್ಚು. ಕೇಳಿದರೆ ಸಾಹೇಬರಿಗೆ ಸಿಟ್ಟು ಬರುತ್ತದೆ ಅನ್ನುವ ಅಂಜಿಕೆ. ಸಿಟ್ಟು ಬರುತ್ತಿತ್ತು ಕೂಡ, ಸುಳ್ಳು ಯಾಕೆ ಹೇಳಲಿ. ನನ್ನ ಕಾಲದಲ್ಲಿ ಒಬ್ಬನ ಎರಡು ವರ್ಷದ ಕೂಲಿ ಹಿಂದಿನ ಜೈಲಿನಲ್ಲೇ ಉಳಿದುಹೋಗಿತ್ತು. ವರ್ಗಾವಣೆಯಲ್ಲಿ ಆತ ಬಂದ, ಹಣ ಬರಲಿಲ್ಲ. ಬಿಡುಗಡೆಯ ದಿನ ಬೆಳಿಗ್ಗೆ ಅದು ಗೊತ್ತಾಯಿತು. ನಾವು ಪತ್ರ ಬರೆದೆವು, ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆತ ಎಲ್ಲಿದ್ದನೋ ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ಎರಡನೇ ತರಗತಿ ಇದೇ ಆಗಲಿ: ಪ್ರತಿಯೊಬ್ಬರೂ ತಮ್ಮ ಲೆಕ್ಕದ ಪ್ರತಿ ಕೇಳಿ ಅರ್ಜಿ ಬರೆಯುವುದು.

ಇದು ದಾಕ್ಷಿಣ್ಯಕ್ಕೆ ಕೊಡುವ ಸವಲತ್ತಲ್ಲ ಅನ್ನುವುದನ್ನೂ ಹೇಳಿ. ವಿಶ್ವಸಂಸ್ಥೆ 1955ರಲ್ಲಿ ಮಾಡಿದ ಕನಿಷ್ಠ ನಿಯಮಗಳನ್ನು 2015ರಲ್ಲಿ ಪರಿಷ್ಕರಿಸಿ ನೆಲ್ಸನ್ ಮಂಡೇಲಾ ನಿಯಮಗಳು ಅಂತ ಹೆಸರಿಟ್ಟಿತು. 67ನೇ ನಿಯಮ: ಒಳಗೆ ಬರುವಾಗ ಒಪ್ಪಿಸಿದ ಹಣ, ವಸ್ತು ಬಿಡುಗಡೆಯಲ್ಲಿ ವಾಪಸ್ ಸಿಗಬೇಕು. 103: ದುಡಿದದ್ದಕ್ಕೆ ನ್ಯಾಯವಾದ ಕೂಲಿ, ಅದರಲ್ಲಿ ಸ್ವಲ್ಪ ಸ್ವಂತ ಖರ್ಚಿಗೆ, ಸ್ವಲ್ಪ ಮನೆಗೆ, ಸ್ವಲ್ಪ ಬಿಡುಗಡೆಯ ದಿನ ಕೈಗೆ ಕೊಡುವ ಇಡುಗಂಟಿಗೆ. 108: ಗುರುತಿನ ಕಾಗದ, ಊರು ಸೇರಲು ಮತ್ತು ಮೊದಲ ದಿನಗಳನ್ನು ದೂಡಲು ಬೇಕಾದಷ್ಟು ಹಣ. ಇದಕ್ಕೆಲ್ಲ ತಯಾರಿ ಶಿಕ್ಷೆಯ ಮೊದಲ ದಿನದಿಂದಲೇ ಶುರುವಾಗಬೇಕು ಅನ್ನುತ್ತದೆ 107. ನಾವು ಶುರು ಮಾಡುತ್ತಿದ್ದದ್ದು ಕೊನೆಯ ವಾರದಲ್ಲಿ.

ಬಿಡುಗಡೆ ಯಾವ ವಾರ ಬೀಳುತ್ತದೆ ಅಂತಲೂ ನೋಡಿಕೊಳ್ಳಿ. ರಜೆಯ ಹಿಂದಿನ ದಿನ ಹೊರಬಿದ್ದರೆ ಬ್ಯಾಂಕು, ಕಚೇರಿ ಎಲ್ಲ ಮುಚ್ಚಿರುತ್ತವೆ, ಕೈಲಿರುವುದು ಅಲ್ಲಿಗೇ ಕರಗುತ್ತದೆ. ಬ್ರಿಟನ್ನಿನಲ್ಲಿ ಶುಕ್ರವಾರದ ಬಿಡುಗಡೆ ಇದೇ ಕಾರಣಕ್ಕೆ ದೊಡ್ಡ ತಲೆನೋವಾಗಿ, ಒಂದೆರಡು ದಿನ ಮುಂಚೆಯೇ ಬಿಡಲು ಅವಕಾಶ ಕೊಡುವ ಕಾನೂನನ್ನು 2023ರಲ್ಲಿ ತಂದರು.

ಉಲ್ಟಾ ಮಾತು

ಎಲ್ಲರ ಮೇಲೂ ಗೌರವ ಇಟ್ಟೇ ಕೇಳುತ್ತೇನೆ. ಹಣವೇ ಇಲ್ಲದವರಿಗೆ ಹಣ ನಿರ್ವಹಣೆಯ ಪಾಠ ಯಾಕೆ? ಈಜು ಬರುತ್ತದೋ ಇಲ್ಲವೋ ಅನ್ನುವ ಮಾತು ಕೆರೆಯಲ್ಲಿ ನೀರಿದ್ದರೆ ತಾನೇ?

ಕ್ಯಾಲಿಫೋರ್ನಿಯಾದಲ್ಲಿ ಗೇಟಿನಲ್ಲಿ ಕೈಗಿಡುವ ಹಣ 200 ಡಾಲರ್. ಆ ಮೊತ್ತ ನಿಗದಿಯಾದದ್ದು 1973ರಲ್ಲಿ. ಅದನ್ನು ಹೆಚ್ಚಿಸುವ ಮಸೂದೆ 2022ರಲ್ಲಿ ಪಾಸಾಗಿ ಗವರ್ನರ್ ಮೇಜಿನವರೆಗೂ ಹೋಯಿತು, ಅವರು ಸಹಿ ಹಾಕಲಿಲ್ಲ. ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ 46 ಪೌಂಡಿನಲ್ಲೇ ನಿಂತಿದ್ದದ್ದು 2021ರಲ್ಲಿ 76 ಆಯಿತು. ಇಷ್ಟು ಕೊಟ್ಟು ಕಳಿಸಿ, ಆತ ತಿಂಗಳೊಳಗೆ ಎಡವಿದರೆ ‘ಅವನಿಗೆ ದುಡ್ಡಿನ ಶಿಸ್ತಿಲ್ಲ’ ಅನ್ನುವುದು ಸುಲಭ. ನಿಮ್ಮ ತರಗತಿ ಆ ಮಾತಿಗೆ ಸಾಕ್ಷಿ ಹೇಳಿದ ಹಾಗೆ ಆಗಬಾರದು, ಅಷ್ಟೇ.

ಗೇಟಿನಾಚೆ

ಉಲ್ಟಾ ಅವರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದ್ರೆ ನೀರು ಕಮ್ಮಿ ಇದ್ದಾಗಲೇ ಅಲ್ವಾ ತೂತು ಎಲ್ಲಿದೆ ಅಂತ ಗೊತ್ತಿರ್ಬೇಕಾಗಿರೋದು? ಇರೋರಿಗೆ ಒಂದು ಸಲ ಎಡವಿದ್ರೆ ಮೊಣಕಾಲು ತರಚುತ್ತೆ. ನಮಗೆ ಆ ವಾರದ ಬಾಡಿಗೆ ತಪ್ಪಿತು ಅಂದ್ರೆ ವಿಳಾಸ ಹೋಯ್ತು. ವಿಳಾಸ ಹೋದ್ರೆ ಠಾಣೆಗೆ ಹಾಜರಿ ಹಾಕೋರಿಗೆ ತಾಪತ್ರಯ ಶುರು.

ಉಲ್ಟಾ ಮಾತು

ಒಪ್ಪಿದೆ. ಆದರೂ ಒಂದು ಮಾತು ಸೇರಿಸುತ್ತೇನೆ. ಜರ್ಮನಿಯ 1976ರ ಜೈಲು ಕಾನೂನು ಕೈದಿಯ ಕೂಲಿಯಲ್ಲಿ ಒಂದಷ್ಟನ್ನು ತೆಗೆದಿಟ್ಟು ‘ಸೇತುವೆ ಹಣ’ ಅಂತ ಕೂಡಿಸುವ ಪದ್ಧತಿ ತಂದಿತು. ಬಿಡುಗಡೆಯಾದ ಮೇಲೆ ಮೊದಲ ನಾಲ್ಕು ವಾರ ಅವನೂ ಅವನನ್ನು ನಂಬಿದವರೂ ಬದುಕಲು ಅದು. ಸಾಲಗಾರರು ಅದನ್ನು ಜಪ್ತಿ ಮಾಡುವಂತಿಲ್ಲ. ಆ ಹೆಸರೇ ನನಗೆ ಇಷ್ಟ. 2006ರ ನಂತರ ಜೈಲಿನ ಕಾನೂನು ಅಲ್ಲಿನ ರಾಜ್ಯಗಳ ಕೈಗೆ ಹೋಯಿತು, ಕೆಲವು ರಾಜ್ಯಗಳು ಸೇತುವೆ ಹಣವನ್ನು ಕೈಬಿಟ್ಟವು.

ಆದರೆ ಸೇತುವೆ ಕಟ್ಟಲು ಕಲ್ಲು ಬೇಕಲ್ಲ. ಒಳಗಿನ ಕೂಲಿ ಸಾಲದು ಅಂತ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 1998ರಲ್ಲಿ ಹೇಳಿತು, 2023ರಲ್ಲಿ ಮತ್ತೆ ಹೇಳಬೇಕಾಯಿತು. ಅದೇ 1998ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಕೂಡ ಕೈದಿಗಳ ದುಡಿಮೆಗೆ ನ್ಯಾಯೋಚಿತ ಕೂಲಿ ಕೊಡಬೇಕು, ಅದರಲ್ಲಿ ಒಂದು ಭಾಗ ಅಪರಾಧದಿಂದ ನೊಂದವರಿಗೆ ಹೋಗುವಂತೆ ಕಾನೂನು ಮಾಡಬೇಕು ಅಂದಿತು.

ಕೌಂಟರ್ ನಾಲ್ಕು

ಬ್ಯಾಂಕಿನಲ್ಲಿ ಕೆಲಸ ಮಾಡುವವಳು ನಾನು. ಬಿಡುಗಡೆಯಾಗಿ ಬಂದವರು ನಮ್ಮ ಕೌಂಟರಿನಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅನ್ನುವುದನ್ನಷ್ಟೇ ಹೇಳುತ್ತೇನೆ.

ಖಾತೆ ಇರುತ್ತದೆ, ವರ್ಷಗಟ್ಟಲೆ ವ್ಯವಹಾರ ಇಲ್ಲದೆ ನಿಷ್ಕ್ರಿಯವಾಗಿರುತ್ತದೆ. ಅದನ್ನು ಮತ್ತೆ ಚಾಲೂ ಮಾಡಲು ಗುರುತಿನ ಚೀಟಿ ಬೇಕು, ಅದರ ಅವಧಿ ಮುಗಿದಿರುತ್ತದೆ ಅಥವಾ ಅದು ಕಳೆದೇ ಹೋಗಿರುತ್ತದೆ. ವಿಳಾಸ ಬದಲಾಗಿರುತ್ತದೆ. ಸಹಿ ಹೊಂದುವುದಿಲ್ಲ, ವರ್ಷಗಳಿಂದ ಸಹಿ ಹಾಕುವ ಪ್ರಸಂಗವೇ ಬಂದಿರುವುದಿಲ್ಲವಲ್ಲ, ಕೈ ಮರೆತಿರುತ್ತದೆ. ಎಲ್ಲಕ್ಕಿಂತ ದೊಡ್ಡದು ಫೋನ್ ನಂಬರು. ರೀಚಾರ್ಜ್ ಇಲ್ಲದೆ ಆ ನಂಬರು ರದ್ದಾಗಿ, ಕಂಪನಿಯವರು ಅದನ್ನು ಬೇರೆ ಯಾರಿಗೋ ಕೊಟ್ಟಿರುತ್ತಾರೆ. ಈಗ ಇವರ ಖಾತೆಯ ಒಟಿಪಿ ಇನ್ಯಾರದೋ ಜೇಬಿನಲ್ಲಿ ಟಿಣ್ ಅನ್ನುತ್ತದೆ. ಬಿಡುಗಡೆಗೆ ಮೂರು ತಿಂಗಳಿರುವಾಗಲೇ ಪತ್ರ ಬರೆದು ಹಳೇ ನಂಬರು ತೆಗೆಸಿದರೆ ಅರ್ಧ ತಲೆನೋವು ಕಡಿಮೆ.

ಇನ್ನೊಂದು ವಿಷಯ, ದಯವಿಟ್ಟು ಇದಕ್ಕೆ ಒಂದು ಇಡೀ ತರಗತಿ ಕೊಡಿ. ಹೊಸದಾಗಿ ಹೊರಗೆ ಬಂದವರನ್ನು ಹುಡುಕಿಕೊಂಡು ಬರುವ ಜನ ಇದ್ದಾರೆ. “ನಿನ್ನ ಅಕೌಂಟು ಸ್ವಲ್ಪ ದಿನ ಕೊಡು, ದುಡ್ಡು ಬರುತ್ತೆ, ತೆಗೆದು ಕೊಡು, ನಿನಗೆ ಕಮಿಷನ್” ಅನ್ನುತ್ತಾರೆ. ಬರುವುದು ಯಾರಿಗೋ ಮೋಸ ಮಾಡಿ ಕಿತ್ತ ಹಣ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಬಾಗಿಲಿಗೆ. ಎಟಿಎಂ ಕಾರ್ಡು ಮತ್ತು ಪಿನ್ ಕೊಟ್ಟಿದ್ದೇ ಅಪರಾಧದಲ್ಲಿ ಕೈ ಸೇರಿಸಿದ ಹಾಗೆ ಅಂತ ಅವರಿಗೆ ಗೊತ್ತಿರುವುದಿಲ್ಲ. “ಮೇಡಂ, ನಾನೇನು ಕದ್ದೆನಾ, ಕಾರ್ಡು ಕೊಟ್ಟೆ ಅಷ್ಟೇ” ಅಂತ ನನ್ನ ಎದುರೇ ಒಬ್ಬ ಹುಡುಗ ಅತ್ತಿದ್ದಾನೆ.

ಜೈಲಿನಿಂದಲೇ ಕಾರ್ಡಿನಲ್ಲಿ ಹಣ ತುಂಬಿ ಕೊಡುವ ಕಡೆಗಳಲ್ಲಿ ಆ ಕಾರ್ಡಿನ ಶುಲ್ಕದ ಪಟ್ಟಿಯನ್ನೂ ಓದಿಸಿ. ಅಮೆರಿಕದಲ್ಲಿ ಇಂಥ ಕಾರ್ಡು ನಡೆಸುತ್ತಿದ್ದ ಕಂಪನಿಯೊಂದು ಬಿಡುಗಡೆಯಾದವರ ಹಣದಿಂದಲೇ ಅನ್ಯಾಯವಾಗಿ ಶುಲ್ಕ ಕಡಿದದ್ದಕ್ಕೆ, ಗ್ರಾಹಕ ಹಣಕಾಸು ನಿಯಂತ್ರಕರು 2021ರಲ್ಲಿ 40 ಲಕ್ಷ ಡಾಲರ್ ಪರಿಹಾರ, 20 ಲಕ್ಷ ಡಾಲರ್ ದಂಡ ಹಾಕಿದರು.

ಹೊಸಿಲು

ಇಷ್ಟೊತ್ತು ಓದ್ತಾ ಇದ್ದೆ. ಎಲ್ಲರೂ ಹೊರಗೆ ಬರೋರ ಬಗ್ಗೆ ಮಾತಾಡ್ತಿದೀರ. ಅವರು ಬರೋದು ಯಾರ ಮನೆಗೆ?

ನಮ್ಮನೆಯವರು ಆರು ವರ್ಷ ಒಳಗಿದ್ರು. ಆರು ವರ್ಷ ಮನೆ ನಡೆಸಿದ್ದು ನಾನು. ಬಾಡಿಗೆ, ಮಕ್ಕಳ ಫೀಸು, ವಕೀಲರು, ನೋಡೋಕೆ ಹೋದಾಗೆಲ್ಲ ಬಸ್ ಚಾರ್ಜು, ಅವರ ಕ್ಯಾಂಟೀನಿಗೆ ಕಟ್ಟೋ ದುಡ್ಡು. ಒಳಗಿಂದ ಮನೆಗೆ ದುಡ್ಡು ಬರುತ್ತೆ ಅಂತ ನಿಯಮದಲ್ಲಿ ಇರಬಹುದು ಸಾರ್, ನಮ್ಮನೇಲಿ ಅದು ಹೋಗಿದ್ದು ಒಂದೇ ದಿಕ್ಕಿಗೆ.

ನನ್ನ ಹತ್ರ ಎರಡು ನೋಟ್‌ಬುಕ್ ಇತ್ತು. ಒಂದು ನೀಲಿ ರಟ್ಟಿನದು, ನೋಡೋಕೆ ಹೋದಾಗ ಅವರು ಕೇಳಿದ್ರೆ ಹೇಳೋಕೆ. ಇನ್ನೊಂದು ಅಕ್ಕಿ ಡಬ್ಬದ ಹಿಂದೆ. ಅದರಲ್ಲಿ ಯಾರ್ಯಾರ ಹತ್ರ ಕೈಸಾಲ, ಎಷ್ಟು ಬಡ್ಡಿ, ಏನು ಅಡ ಇಟ್ಟಿದೀನಿ ಎಲ್ಲ ಇತ್ತು. ಒಳಗಿರೋರಿಗೆ ಹೇಳಿ ಏನು ಪ್ರಯೋಜನ, ಸುಮ್ನೆ ನಿದ್ದೆ ಕೆಡಿಸ್ಕೊಳ್ತಾರೆ ಅಂತ ಹೇಳಿರ್ಲಿಲ್ಲ.

ಬಂದ ನಾಲ್ಕನೇ ದಿನ, “ಇನ್ಮೇಲೆ ಲೆಕ್ಕ ನಾನು ನೋಡ್ಕೋತೀನಿ, ಕೊಡು” ಅಂದ್ರು. ನೀಲಿ ಪುಸ್ತಕ ಕೊಟ್ಟೆ. ಅದನ್ನ ನೋಡಿ ಅವರು ಒಂದು ಗಾಡಿ ಸಾಲದ ಮಾತು ತೆಗೆದ್ರು, ಅದರಲ್ಲಿ ದುಡಿತೀನಿ ಅಂತ. ಆವಾಗ ಡಬ್ಬದ ಹಿಂದಿನ ಪುಸ್ತಕ ತೆಗೆದು ಮುಂದೆ ಇಟ್ಟೆ. ಆ ರಾತ್ರಿ ಏನಾಯ್ತು ಅಂತ ಬರಿಯಲ್ಲ. ಹೊಡೆದಿಲ್ಲ, ಬೈದಿಲ್ಲ. ಆದ್ರೆ ಎರಡು ವಾರ ನನ್ನ ಮುಖ ನೋಡಿ ಮಾತಾಡ್ಲಿಲ್ಲ. ಅವರಿಗೆ ಸಾಲ ಇದ್ದಿದ್ದಕ್ಕಲ್ಲ ಸಿಟ್ಟು, ಮಗುವಿಗೆ ಹೇಳಿದಂಗೆ ಅವರಿಗೂ ಕಥೆ ಹೇಳ್ತಿದ್ದೆ ಅಂತ.

ಮೇಷ್ಟ್ರೇ, ಬಿಡುಗಡೆಗೆ ಮುಂಚೆ ಆ ಎರಡನೇ ಪುಸ್ತಕದ ಮಾತು ಆಗ್ಬೇಕು. ಹೇಗೆ ಅಂತ ನನಗೆ ಗೊತ್ತಿಲ್ಲ. ಗಾಜಿನ ಆ ಕಡೆ ಈ ಕಡೆ ಕೂತು ಆಡೋ ಮಾತಲ್ಲ ಅದು.

ವಕಾಲತ್ತು

ಹೊಸಿಲು ಅವರು ಹೇಳಿದ ಎರಡನೇ ಪುಸ್ತಕಕ್ಕೆ ನಾನು ಮೂರನೆಯದೊಂದನ್ನು ಸೇರಿಸುತ್ತೇನೆ. ಮನೆಗೆ ಬಂದು ಬಿದ್ದಿರುವ, ಯಾರೂ ಒಡೆಯದ ಲಕೋಟೆಗಳು. ಕಾನೂನು ನೆರವಿನ ಕೆಲಸದಲ್ಲಿ ನಾನು ಮೊದಲು ಕೇಳುವುದೇ, “ಒಡೆಯದ ಪತ್ರ ಎಷ್ಟಿವೆ, ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ” ಅಂತ.

ಶಿಕ್ಷೆಯ ಜೊತೆಗೆ ವಿಧಿಸಿದ ದಂಡ ಕಟ್ಟಿಯಾಗಿದೆಯೇ ಅಂತ ಬಿಡುಗಡೆಗೆ ಮುಂಚೆಯೇ ಖಚಿತ ಮಾಡಿಕೊಳ್ಳಲಿ. ಎಷ್ಟೋ ಕಾನೂನು ವ್ಯವಸ್ಥೆಗಳಲ್ಲಿ ದಂಡ ಕಟ್ಟದಿದ್ದರೆ ಮತ್ತಷ್ಟು ದಿನ ಒಳಗಿರಬೇಕು. ಹಳೇ ಸಾಲಗಳ ವಿಷಯದಲ್ಲಿ ಒಂದು ಎಚ್ಚರಿಕೆ: ಸಾಲ ವಸೂಲಿಗೆ ದಾವೆ ಹೂಡಲು ಬಹುತೇಕ ಕಡೆ ಕಾಲಮಿತಿ ಇದೆ. ವಸೂಲಿಯವರು ಬಂದು, “ಪೂರ್ತಿ ಬೇಡ, ಸದ್ಯಕ್ಕೆ ಇಷ್ಟೇ ಇಷ್ಟು ಕಟ್ಟಿ, ಇಲ್ಲೊಂದು ಸಹಿ ಹಾಕಿ” ಅನ್ನುತ್ತಾರೆ. ಭಾರತ, ಇಂಗ್ಲೆಂಡ್ ಸೇರಿ ಹಲವು ಕಡೆ, ಕಾಲಮಿತಿ ಮುಗಿಯುವ ಮುನ್ನ ಹಾಗೆ ಸಾಲ ಒಪ್ಪಿ ಸಹಿ ಹಾಕಿದರೆ, ಸಹಿ ಸಮೇತ ಸ್ವಲ್ಪ ಕಟ್ಟಿದರೆ, ಗಡಿಯಾರ ಮತ್ತೆ ಸೊನ್ನೆಯಿಂದ ಓಡಲು ಶುರುವಾಗುತ್ತದೆ. ಸಾಲ ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ. ಹೊರಗೆ ಬಂದ ಮೊದಲ ತಿಂಗಳು, ಯಾರಿಗೂ ತೋರಿಸದೆ ಯಾವುದಕ್ಕೂ ಸಹಿ ಹಾಕಬೇಡಿ ಅನ್ನುತ್ತಿದ್ದೇನೆ. ಪತ್ನಿ ಇಟ್ಟ ಅಡಮಾನಕ್ಕೂ ಇದೇ ಮಾತು.

ಗುರುವಾರದ ಮೇಷ್ಟ್ರು

ಎಲ್ಲರಿಗೂ ದೊಡ್ಡ ಧನ್ಯವಾದ. ನಾಲ್ಕು ತರಗತಿ ಮುಗಿದಿದೆ. ವರದಿ ಒಪ್ಪಿಸುತ್ತೇನೆ.

ಹಳೇ ಬೀಗದ ಕೈಯವರು ಹೇಳಿದ ಹಾಗೆ ಎರಡನೇ ವಾರ ಅರ್ಜಿ ಬರೆಸಿದೆ. ಬರೆಯಲು ಬಾರದವರಿಗೆ ಪಕ್ಕದವರು ಬರೆದುಕೊಟ್ಟರು. ಹದಿನೆಂಟು ಜನರ ಲೆಕ್ಕ ಬಂದಿದೆ. ಮೂವರ ಲೆಕ್ಕದಲ್ಲಿ ಹಿಂದಿನ ಜೈಲಿನ ಹಣ ಸೇರಿಲ್ಲ. ಈಗಲೇ ಗೊತ್ತಾಯಿತಲ್ಲ.

ಚಕ್ರಬಡ್ಡಿಯ ಪಾಠದಲ್ಲಿ ನಾನೇ ವಿದ್ಯಾರ್ಥಿಯಾದೆ. ವಾರಕ್ಕೆ ಶೇ. 10ರಂತೆ 1,000 ಸಾಲ ಮಾಡಿದರೆ ಹತ್ತು ವಾರಕ್ಕೆ 2,594 ಆಗುತ್ತದೆ ಅಂತ ಬೋರ್ಡಿನ ಮೇಲೆ ಗಂಭೀರವಾಗಿ ಬರೆದೆ. “ಅಷ್ಟೇನಾ?” ಅಂದರು. ಒಂದಕ್ಕೆರಡರ ಲೆಕ್ಕದಲ್ಲಿ ಹತ್ತು ವಾರಕ್ಕೆ ಒಂದು ಸೋಪು 1,024 ಸೋಪಾಗುತ್ತದೆ ಅಂತ ಒಬ್ಬ ಬಾಯಲ್ಲೇ ಹೇಳಿದ. ಮೂವತ್ತು ವರ್ಷದಲ್ಲಿ ನನ್ನ ಕ್ಲಾಸಿನಲ್ಲಿ ಘಾತದ ಲೆಕ್ಕವನ್ನು ಅಷ್ಟು ಬೇಗ ಹೇಳಿದವರಿಲ್ಲ.

ಆದಾಯ, ಖರ್ಚಿನ ಹಾಳೆ ಹರಿದೆಸೆದೆ. ಈಗಿನದರಲ್ಲಿ ಬರೀ 45 ಮನೆಗಳಿವೆ, ದಿನಕ್ಕೊಂದು ಚೌಕ. ಮೊದಲನೆಯದು ಬಿಡುಗಡೆಯ ದಿನ. ಎಡಭಾಗ ಖಾಲಿ ಬಿಟ್ಟಿದ್ದವರ ಪಕ್ಕ ಕೂತೆ. ಕೆಲಸ ಹುಡುಕಲು ಎಷ್ಟು ದಿನ? ಹತ್ತು, ಹನ್ನೊಂದು. ಸೇರಿದ ಮೇಲೆ ಸಂಬಳ? ತಿಂಗಳಾದ ಮೇಲೆ. ಬೆರಳಿಟ್ಟು ಒಂದೊಂದೇ ಮನೆ ಎಣಿಸಿದರು, 41ನೇ ಮನೆಯಲ್ಲಿ ನಿಂತರು. ಅದರ ಸುತ್ತ ಪೆನ್ಸಿಲ್ಲಿನಿಂದ ದುಂಡಗೆ ಗೆರೆ ಎಳೆದರು. “ಅಲ್ಲಿವರೆಗೂ ಬರೋದು ಸೊನ್ನೆ, ಸಾರ್. ಈಗ ಬರಿಬಹುದು.”

ಅವರ ಲೆಕ್ಕದಲ್ಲಿ 4,100 ಇದೆ ಅಂದುಕೊಳ್ಳಿ. ದಿನಕ್ಕೆ 100 ಅಂತ ನಾನು ಬರೆದೆ. ಮೊದಲ ಮೂರು ದಿನವೇ ಜಾಸ್ತಿ ತಿನ್ನುತ್ತವೆ ಅಂತ ಉಳಿದವರು ಗಲಾಟೆ ಮಾಡಿದರು: ಪ್ರಯಾಣ, ಸಿಮ್ಮು, ಫೋಟೊ, ಜೆರಾಕ್ಸು. ಅದಕ್ಕೆ 1,060 ತೆಗೆದಿಟ್ಟೆವು. ಉಳಿದ 3,040ನ್ನು 38 ದಿನಕ್ಕೆ ಹಂಚಿದರೆ ದಿನಕ್ಕೆ 80. ಗೇಟಿನಾಚೆಯವರೇ, ಬರಿಗೈಲಿ ಹೋಗಬಾರದು ಅನ್ನುವ ಕಾಲಂ ಕೂಡ ಈಗ ಇದೆ. ಅವರೇ ಅದಕ್ಕೆ ‘ಮುಖ ತೋರಿಸೋ ಖರ್ಚು’ ಅಂತ ಹೆಸರಿಟ್ಟಿದ್ದಾರೆ.

ಗೇಟಿನಾಚೆ

ಮುಖ ತೋರಿಸೋ ಖರ್ಚು! ಭಾವನಿಗೆ ಓದಿ ಹೇಳಿದೆ, ನಕ್ಕರು.

ಇನ್ನೊಂದು ಮಾಡಿಸಿ ಮೇಷ್ಟ್ರೇ. ‘ಇಲ್ಲ’ ಅನ್ನೋದನ್ನ ಬಾಯಲ್ಲಿ ಹೇಳಿಸಿ. ಹೊರಗೆ ಬಂದ ವಾರದಲ್ಲೇ ಕೇಳೋರು ಬರ್ತಾರೆ. ಒಳಗೆ ಸಹಾಯ ಮಾಡಿದ್ದೆ ಅಂತ ಒಬ್ಬ, ಹಳೇ ಗೆಳೆಯ ಅಂತ ಒಬ್ಬ. ಬೆದರಿಸೋರಿಗಿಂತ ಕಷ್ಟ ಪ್ರೀತಿಯಿಂದ ಕೇಳೋರು. ಆ ಹೊತ್ತಲ್ಲಿ ಮಾತು ಹುಡುಕ್ತಾ ನಿಂತ್ರೆ ಕೈ ತಾನಾಗೇ ಜೇಬಿಗೆ ಹೋಗಿರುತ್ತೆ. ಒಂದು ವಾಕ್ಯ ಬಾಯಿಪಾಠ ಇರ್ಬೇಕು. ನಂದು ಇದಾಗಿತ್ತು: “ದುಡ್ಡು ಅಕ್ಕನ ಹತ್ರ ಇದೆ, ಅವಳನ್ನ ಕೇಳು.” ಅಕ್ಕನ ಹತ್ರ ಹೋಗಿ ಕೇಳೋ ಧೈರ್ಯ ಯಾರಿಗೂ ಇರ್ಲಿಲ್ಲ.

ಗುರುವಾರದ ಮೇಷ್ಟ್ರು

ಮಾಡಿಸಿದೆ, ಆರನೇ ತರಗತಿಯಲ್ಲಿ. ಕಾಗದದ ಚೂರುಗಳನ್ನೇ ನೋಟು ಅಂತ ಹಂಚಿದೆ. ನಾನು ಸಾಲ ಕೇಳುವವನ ಪಾತ್ರ.

ಆರಡಿ ಎತ್ತರದ ಒಬ್ಬ ಆಳು ಇದ್ದಾನೆ, ಅವನು ಎದ್ದು ನಿಂತರೆ ಕೊಠಡಿಯಲ್ಲಿ ಬೆಳಕು ಕಡಿಮೆಯಾಗುತ್ತದೆ. ಹಳೇ ಗೆಳೆಯನಾಗಿ ಕೇಳಿದೆ, ಇಲ್ಲ ಅಂದ. ಒಳಗಿನ ಸಾಲದವನಾಗಿ ಗದರಿಸಿದೆ, ಗುರಾಯಿಸಿದ. ಕೊನೆಗೆ, “ಅಣ್ಣಾ, ನಾನು ಕಣೋ” ಅಂತ ಅವನ ತಮ್ಮನಾಗಿ ಕೇಳಿದೆ. ಇಡೀ ಕಟ್ಟು ಎತ್ತಿ ನನ್ನ ಕೈಗಿಟ್ಟುಬಿಟ್ಟ. ಎಲ್ಲರೂ ಬೊಬ್ಬೆ ಹೊಡೆದರು. “ತಮ್ಮ ಕೇಳಿದಾನೆ ಸಾರ್, ಏನ್ ಮಾಡ್ಲಿ” ಅಂದ. ಅವನ ಕಣ್ಣು ಒದ್ದೆಯಾಗಿತ್ತು. ನನಗೂ ಪಾತ್ರದಿಂದ ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಎರಡನೇ ಸಲ ಆಡಿಸಿದಾಗ ಎರಡು ಚೂರು ಕೊಟ್ಟು, ಉಳಿದದ್ದನ್ನು ಆಗಲೇ ಅಂಗಿಯೊಳಗೆ ಸೇರಿಸಿದ್ದ. “ಇವೆರಡು ವಾಪಸ್ ಬರಲ್ಲ ಅಂತ ಅಂದ್ಕೊಂಡೇ ಕೊಟ್ಟೆ” ಅಂದ. ಪೂರ್ತಿ ‘ಇಲ್ಲ’ ಅನ್ನಬೇಕಿತ್ತು ಅಂತ ನಾನು ವಾದಿಸಲಿಲ್ಲ.

ಉಲ್ಟಾ ಮಾತು

ಸರಿ, ನನ್ನ ಮೊದಲ ಪ್ರಶ್ನೆಯ ಅರ್ಧ ವಾಪಸ್ ತಗೊಂಡೆ. ಇನ್ನರ್ಧ ಹಾಗೇ ಇರಲಿ. ದಿನಕ್ಕೆ 80ರಲ್ಲಿ ಬದುಕಲು ಆಗದ ಕಡೆ ಆ ಹಾಳೆಯನ್ನೇ ಹಿಡಿದುಕೊಂಡು ಅಧಿಕಾರಿಗಳ ಹತ್ತಿರ ಹೋಗಿ. 45 ಮನೆಯಲ್ಲಿ 40 ಖಾಲಿ ಅಂತ ಕಣ್ಣಿಗೆ ಕಾಣುತ್ತದಲ್ಲ.

ಹಳೇ ಬೀಗದ ಕೈ

ಬರೀ ಹಾಳೆ ಹಿಡಿದು ಹೋದರೆ ಫೈಲಿಗೆ ಹಾಕಿ ಮರೆಯುತ್ತಾರೆ. ಲೆಕ್ಕದ ಪ್ರತಿಯನ್ನೂ ಪಿನ್ ಮಾಡಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅನುಭವದ ಮಾತು.

ಗುರುವಾರದ ಮೇಷ್ಟ್ರು

ಮುದ್ರೆ ಹಾಕಿಸಿಕೊಂಡೆ ಸರ್. ಹಿಂದಿನ ಜೈಲಿನಲ್ಲಿದ್ದ ಒಬ್ಬರ ಹಣ ಬಂದು ಸೇರಿದೆ, ಇನ್ನಿಬ್ಬರದು ಬರಬೇಕು.

ಎಂಟನೆಯದು, ಕೊನೆಯ ತರಗತಿ, ಬರುವ ಗುರುವಾರ. ಬೇಡಿ ಬೇಡಿ ಒಂದು ಅನುಮತಿ ಪಡೆದಿದ್ದೇನೆ: ಅಂದು ಮನೆಯವರೂ ಬರಬಹುದು, ಗಾಜಿಲ್ಲದ ಕೊಠಡಿ, ಒಂದೇ ಮೇಜು, ಒಂದು ಗಂಟೆ. ಒಂಬತ್ತು ಮನೆಯವರು ಬರುತ್ತೇವೆ ಅಂದಿದ್ದಾರೆ. ಮೇಜಿನ ಮೇಲೆ 45 ಮನೆಗಳ ಹಾಳೆ ಇಡುತ್ತೇನೆ. ಆಮೇಲೆ ನಾನು ಏನು ಮಾತಾಡಬೇಕು ಅಂತ ತಿಳಿಯುತ್ತಿಲ್ಲ. ಹೊಸಿಲು ತಾಯಿ, ನೀವೇ ಹೇಳಿ.

ಹೊಸಿಲು

ನೀವು ಏನೂ ಮಾತಾಡ್ಬೇಡಿ ಸಾರ್, ಹೊರಗೆ ಹೋಗಿ ನಿಂತ್ಕೊಳ್ಳಿ. ಪೆನ್ಸಿಲ್ ಮಾತ್ರ ಎರಡೆರಡು ಇಡಿ. ಒಂದೇ ಇಟ್ರೆ ಅವರೇ ಹಿಡ್ಕೋತಾರೆ.